ವಿಳಂಬಕ್ಕೆ ‘ಲಾಂಗ್ ಲಾಸ್ಟಿಂಗ್’ ಅನ್ನಬೇಡಿ

ಧಾರವಾಡದಲ್ಲಿ ನಾನು ಇಂಗ್ಲಿಷ್ ಪತ್ರ ಬರೆಯೋದನ್ನು ಕಲಿಸುತ್ತೇನೆ. ಎಷ್ಟು ತಿದ್ದಿದರೂ ಒಂದು ತಪ್ಪು ಮತ್ತೆ ಮತ್ತೆ ಬರುತ್ತದೆ. ಮೊನ್ನೆ ನವಲಗುಂದ ಕಡೆಯ ಹುಡುಗನೊಬ್ಬ ಅಜ್ಜನನ್ನು ಕರೆದುಕೊಂಡು ಬಂದಿದ್ದ. ಅಜ್ಜನಿಗೆ ಹೊರರಾಜ್ಯದ ಕಚೇರಿಯೊಂದರಿಂದ ಬಾಕಿ ಹಣ ಬರಬೇಕು. ಹನ್ನೊಂದು ವರ್ಷ ಆಯ್ತು. ಹುಡುಗ ನೀಟಾಗಿ ಬರೆದಿದ್ದ: ‘ಲಾಂಗ್ ಲಾಸ್ಟಿಂಗ್ ಡಿಲೇ’.

“ಸರ್, ಲಾಂಗ್ ಲಾಸ್ಟಿಂಗ್ ಅಂದ್ರ ಭಾಳ ದಿನದ್ದು ಅಂತಲ್ಲೇನ್ರೀ?”

ಹೌದು. ಆದರೆ ಬಾಳಿಕೆ ಬರೋ ವಸ್ತುವಿಗೆ, ಗಟ್ಟಿಯಾಗಿ ಉಳಿದ ಸ್ನೇಹಕ್ಕೆ ಸಾಮಾನ್ಯವಾಗಿ ಆ ಮಾತು ಬಳಸುತ್ತಾರೆ. ಬ್ಯಾಟರಿ ಲಾಂಗ್ ಲಾಸ್ಟಿಂಗ್, ಬಣ್ಣ ಲಾಂಗ್ ಲಾಸ್ಟಿಂಗ್. ಅದರಲ್ಲಿ ಮೆಚ್ಚುಗೆ ಇದೆ. ಅಜ್ಜನ ಸಂಕಟಕ್ಕೆ ಆ ಪದ ಹಚ್ಚಿದರೆ ಓದುವವರಿಗೆ ಸಂಕಟ ಕಾಣೋದೇ ಇಲ್ಲ.

ಇಷ್ಟು ವರ್ಷದಿಂದ ನಾನು ಹೇಳುತ್ತಿರೋದು ಇದೊಂದೇ. ಎಷ್ಟು ಉದ್ದ ಅನ್ನೋದರ ಜೊತೆಗೆ, ಆ ಉದ್ದ ಬೇಕಿತ್ತೋ ಬೇಡವಾಗಿತ್ತೋ ಅನ್ನೋದನ್ನೂ ಇಂಗ್ಲಿಷ್ ಪದ ಹೇಳುತ್ತದೆ. ಡಿಕ್ಷನರಿಯಲ್ಲಿ ‘ದೀರ್ಘ’ ಅಂತ ಕಂಡ ಕೂಡಲೇ ಎತ್ತಿ ಹಾಕಬೇಡಿ.

ಹುಡುಗನಿಗೆ ತಿಳಿಯಲಿ ಅಂತ ಅವನೂರ ಕಡೆಯ ನೀರಿನ ಮಾತನ್ನೇ ತೆಗೆದೆ. ಮಹದಾಯಿ ನೀರು ಬೇಕು ಅಂತ ನವಲಗುಂದ, ನರಗುಂದದ ರೈತರು ಕೇಳುತ್ತಿರೋದು ‘ಲಾಂಗ್ ಸ್ಟ್ಯಾಂಡಿಂಗ್ ಡಿಮ್ಯಾಂಡ್’. ಬೇಡಿಕೆ ಕದಲದೆ ನಿಂತಿದೆ, ಅದರಲ್ಲಿ ರೈತರ ತಪ್ಪಿಲ್ಲ. ಆದರೆ ರಾಜ್ಯಗಳ ನಡುವಿನ ಜಗಳ ‘ಪ್ರೊಟ್ರ್ಯಾಕ್ಟೆಡ್ ಡಿಸ್ಪ್ಯೂಟ್’. 2010ರಲ್ಲಿ ನ್ಯಾಯಮಂಡಳಿ ಆಯ್ತು, 2018ರಲ್ಲಿ ತೀರ್ಪು ಬಂತು, ಆಮೇಲೂ ತಕರಾರು ಮುಗಿಯಲಿಲ್ಲ. ಪ್ರೊಟ್ರ್ಯಾಕ್ಟೆಡ್ ಅನ್ನೋದರ ಬೇರು ಲ್ಯಾಟಿನ್ನಿನ ‘ಎಳೆ’ ಅನ್ನೋ ಕ್ರಿಯೆ. ಟ್ರ್ಯಾಕ್ಟರ್ ಅನ್ನೋ ಪದವೂ ಅದೇ ಬೇರಿನದು. ಹುಡುಗನ ಮುಖ ಅರಳಿತು. ಎಳೆದಾಡೋದು ಅಂದ್ರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾತು ಹನುಮಪ್ಪನ ಬಾಲವಾದರೆ ‘ಲಾಂಗ್ ವಿಂಡೆಡ್’. ಅಲ್ಲಿ ವಿಂಡ್ ಅಂದರೆ ಉಸಿರು. ಹಾಗಾಗಿ ಭಾಷಣಕ್ಕೆ, ಬರಹಕ್ಕೆ ಸರಿ, ಮಳೆಗಾಲಕ್ಕೆ ಅಲ್ಲ. ‘ಕ್ರಾನಿಕ್’ ಅಂದರೆ ಜೋರಾದ ಕಾಯಿಲೆ ಅಂತ ಸುಮಾರು ಜನ ತಿಳಿದಿದ್ದಾರೆ. ಅದರ ಮೂಲ ಗ್ರೀಕಿನಲ್ಲಿ ‘ಕಾಲ’. ಬಹುಕಾಲದ್ದು ಅಂತಷ್ಟೇ. ಎರಡು ದಿನದ ಜ್ವರಕ್ಕೆ ರಜೆ ಅರ್ಜಿಯಲ್ಲಿ ಅದನ್ನು ಬರೆಯಬೇಡಿ.

‘ಇಂಟರ್ಮಿನೇಬಲ್’ ವಿಷಯದಲ್ಲಿ ಜಾಸ್ತಿ ಜೋಪಾನ. ಕೊನೆಯೇ ಕಾಣದ್ದು ಅನ್ನೋ ಬೇಸರ ಅದರಲ್ಲಿ ತುಂಬಿದೆ. ಮನೆಯವರಿಗೆ ಬರೆಯುವಾಗ ನಡೆಯುತ್ತದೆ, ಅಧಿಕಾರಿಗೆ ಬರೆದರೆ ಬೈದಂತೆ ಕೇಳಬಹುದು. ಕಚೇರಿ ಪತ್ರಕ್ಕೆ ‘ಪ್ರೊಲಾಂಗ್ಡ್’, ಅಂದರೆ ಬಹುಕಾಲ ಮುಂದುವರಿದದ್ದು ಅನ್ನೋ ಪದ, ಹೆಚ್ಚಾಗಿ ಸಾಕು. ಕೋರ್ಟಿನ ಕಾಗದವಾದರೆ ನನ್ನನ್ನಲ್ಲ, ವಕೀಲರನ್ನು ಕೇಳಿ.

ಅಜ್ಜ ಅಲ್ಲಿತನಕ ಸುಮ್ನೆ ಕೂತಿದ್ದರು. ಕೈಚೀಲದಿಂದ ಮಡಿಚಿ ಮಡಿಚಿ ಹರಿಯಲು ಬಂದಿದ್ದ ಹಳೇ ರಸೀದಿ ತೆಗೆದರು. “ಇದ್ರಾಗ ತಾರೀಖ ಐತ್ರೀ ಸರ್. ಅದನ್ನ ಬರದ್ರ ಸಾಲೂದಿಲ್ಲೇನ್ರೀ?”

ಹುಡುಗ ‘ಲಾಂಗ್ ಲಾಸ್ಟಿಂಗ್’ ಹೊಡೆದು ‘ಪ್ರೊಲಾಂಗ್ಡ್’ ಅಂತ ಬರೆದ. ಅದರ ಮುಂದೆ ರಸೀದಿಯ ತಾರೀಖು ಹಾಕಿದ. ಅಜ್ಜ ಕನ್ನಡದಲ್ಲಿ ನಿಧಾನವಾಗಿ ಸಹಿ ಮಾಡಿದರು.