ಅಡಿಕೆ ಮರದ ಬುಡದ ಅಣಬೆಗೆ ಯಾವ ಹೆಸರು?

ತರೀಕೆರೆ, ಕಡೂರು ಕಡೆಯ ತೋಟಗಳಲ್ಲಿ ಅಡಿಕೆ ಮರದ ಬುಡಕ್ಕೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಅಣಬೆ ಮೂಡಿದರೆ, ಬೆಳೆಗಾರರು ಅದನ್ನು ಅಣಬೆ ರೋಗವೆಂದು ಕೂಡಲೇ ಗುರುತಿಸುತ್ತಾರೆ. ಅಷ್ಟರಲ್ಲಿ ಶಿಲೀಂಧ್ರದ ಎಳೆಗಳು ಬೇರನ್ನೂ ಬೊಡ್ಡೆಯ ಒಳಭಾಗವನ್ನೂ ಬಹುಮಟ್ಟಿಗೆ ಕೊಳೆಸಿರುತ್ತವೆ. ನಮಗೆ ಕಾಣುವುದು ಬೀಜಕಗಳನ್ನು ಹರಡಲು ಹೊರಬಂದ ಭಾಗ ಮಾತ್ರ. ಕೃಷಿ ಕೈಪಿಡಿಗಳು ಈ ಶಿಲೀಂಧ್ರವನ್ನು ಬಹುಕಾಲದಿಂದ ಗ್ಯಾನೊಡರ್ಮ ಲ್ಯೂಸಿಡಮ್ ಎಂದು ಕರೆಯುತ್ತ ಬಂದಿವೆ. ಈ ಹೆಸರನ್ನು ಇನ್ನಷ್ಟು ಎಚ್ಚರದಿಂದ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ವಿಲಿಯಂ ಕರ್ಟಿಸ್ 1781ರಲ್ಲಿ ಇಂಗ್ಲೆಂಡಿನ ಅಣಬೆಯೊಂದನ್ನು ಬೊಲೀಟಸ್ ಲ್ಯೂಸಿಡಸ್ ಎಂದು ವರ್ಣಿಸಿದ್ದರು. ಫಿನ್ಲೆಂಡಿನ ಪೆಟ್ಟರ್ ಕಾರ್ಸ್ಟೆನ್ 1881ರಲ್ಲಿ ಅದನ್ನು ಆಧಾರವಾಗಿಟ್ಟುಕೊಂಡು ಗ್ಯಾನೊಡರ್ಮ ಎಂಬ ಹೊಸ ಜಾತಿಯನ್ನು (ಜೀನಸ್, ಹತ್ತಿರದ ಪ್ರಭೇದಗಳ ಗುಂಪು) ಸ್ಥಾಪಿಸಿದರು. ಈ ಜಾತಿಯ ನಿಜವಾದ ಗುರುತು ಇರುವುದು ಬೀಜಕದಲ್ಲಿ. ಟೋಪಿಯ ಮೇಲೆ ಕೂತ ಕಂದು ಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಪ್ರತಿ ಬೀಜಕಕ್ಕೂ ಎರಡು ಪದರದ ಗೋಡೆ ಕಾಣುತ್ತದೆ: ಹೊರಗಿನದು ತೆಳುವಾಗಿ ಬಣ್ಣವಿಲ್ಲದ್ದು, ಒಳಗಿನದು ಕಂದು, ನಡುವೆ ಅವೆರಡನ್ನೂ ಬೆಸೆಯುವ ಪುಟ್ಟ ಕಂಬಗಳು, ಒಂದು ತುದಿ ಕತ್ತರಿಸಿದಂತೆ ಮೊಂಡಾಗಿರುತ್ತದೆ.

ಇಷ್ಟರಿಂದ ಜಾತಿ ತಿಳಿಯುತ್ತದೆಯೇ ಹೊರತು ಅದರೊಳಗಿನ ಪ್ರಭೇದ (ಸ್ಪೀಷೀಸ್) ಅಲ್ಲ. ಟೋಪಿಯ ಆಕಾರ, ಬಣ್ಣ, ತೊಟ್ಟಿನ ಉದ್ದ ಇವೆಲ್ಲ ಬೆಳಕು, ತೇವ ಮತ್ತು ಗಾಳಿಗೆ ತಕ್ಕಂತೆ ಬದಲಾಗುತ್ತವೆ. ಹೀಗಾಗಿ ಹೊಳೆಯುವ ಟೋಪಿಯ ಎಷ್ಟೋ ಅಣಬೆಗಳಿಗೆ ಜಗತ್ತಿನಾದ್ಯಂತ ಲ್ಯೂಸಿಡಮ್ ಎಂಬ ಒಂದೇ ಹೆಸರು ಅಂಟಿಕೊಂಡಿತು. ಪೂರ್ವ ಏಷ್ಯಾದಲ್ಲಿ ಔಷಧಕ್ಕಾಗಿ ಬೆಳೆಸುವ ಅಣಬೆಯೂ ಆ ಹೆಸರಿನಲ್ಲೇ ಇತ್ತು; ಅದು ಯುರೋಪಿನ ಲ್ಯೂಸಿಡಮ್‌ಗಿಂತ ಬೇರೆಯೆಂದು ತೋರಿಸಿ 2012ರಲ್ಲಿ ಗ್ಯಾನೊಡರ್ಮ ಲಿಂಗ್ಝಿ ಎಂಬ ಹೆಸರು ಕೊಡಲಾಯಿತು. ಅದೇ ವರ್ಷ ಡಿಎನ್‌ಎಯ ಐಟಿಎಸ್ ಎಂಬ ಭಾಗವನ್ನು ಶಿಲೀಂಧ್ರಗಳನ್ನು ಗುರುತಿಸುವ ಬಾರ್‌ಕೋಡ್ ಆಗಿ ಬಳಸುವ ಪ್ರಸ್ತಾವವೂ ಬಂತು. ಆದರೆ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಅದೊಂದೇ ಸಾಲದಿರುವುದರಿಂದ ಇತರ ವಂಶವಾಹಿಗಳನ್ನೂ ಹೋಲಿಸಬೇಕಾಗುತ್ತದೆ.

ಹೊಸ ಹೆಸರು ಮಾನ್ಯವಾಗಬೇಕಾದರೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವರ್ಣನೆ ಪ್ರಕಟವಾಗಬೇಕು, 2013ರಿಂದ ಮಾನ್ಯತೆ ಪಡೆದ ದಾಖಲೆಕೋಶದ ನೋಂದಣಿ ಸಂಖ್ಯೆಯೂ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಮೂಲ ಮಾದರಿ, ಅಂದರೆ ಆ ಹೆಸರಿಗೆ ಶಾಶ್ವತ ಆಧಾರವಾಗಿ ಸಂಗ್ರಹಾಲಯದಲ್ಲಿ ಉಳಿಯುವ ಒಣಗಿಸಿದ ಅಣಬೆ. ಮೂಡಿಗೆರೆಯ ಕಾಫಿ ತೋಟದಲ್ಲಿ ನೆರಳಿನ ಮರದಿಂದ ಅಣಬೆ ಕೀಳುವವರು ಮರ ಯಾವುದು, ಅದಕ್ಕೆ ಜೀವವಿತ್ತೆ, ಟೋಪಿಯ ಅಡಿಭಾಗ ಹಸಿಯಿದ್ದಾಗ ಯಾವ ಬಣ್ಣದ್ದಿತ್ತು, ಉಗುರಿನಿಂದ ಗೀರಿದರೆ ಕಂದಾಯಿತೆ ಎಂಬುದನ್ನು ಸ್ಥಳದಲ್ಲೇ ಬರೆದುಕೊಳ್ಳಬೇಕು. ಒಣಗಿದ ಮಾದರಿಯಿಂದ ಈ ವಿವರಗಳನ್ನು ಪಡೆಯುವುದು ಕಷ್ಟ.