ಕೆರೆ ನೀರಿನ ಆಮ್ಲಜನಕ: ಹೊತ್ತು ಬರೆಯದ ಅಂಕಿ ಸಾಲದು

ಡಿ.ಓ. ಅಂದರೆ ನೀರಲ್ಲಿ ಕರಗಿದ ಆಮ್ಲಜನಕ. ವಿಜಯಪುರದ ಬೇಗಂ ತಲಾಬಿನಂಥ ಕೆರೆಯ ನೀರು ಅಳೆದು, "ಲೀಟರಿಗೆ 8 ಮಿಲಿಗ್ರಾಂ ಇದೆ, ಕೆರೆ ಚೆನ್ನಾಗಿದೆ" ಅಂತ ಪ್ರಾಜೆಕ್ಟಿನಲ್ಲಿ ಬರೆದರೆ ಮೊದಲು ಕೇಳಬೇಕಾದ್ದು ಒಂದೇ: ಎಷ್ಟು ಹೊತ್ತಿಗೆ ತೆಗೆದ ನೀರು?

ಹಸಿರುಗಟ್ಟಿದ ಕೆರೆಯಲ್ಲಿ ಹಗಲಿಡೀ ಪಾಚಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನದ ಮೇಲೆ ಅಂಕಿ ಏರಿರುತ್ತದೆ. ಕತ್ತಲಾದರೆ ತಯಾರಿ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಮೀನು, ತಳದ ಕೆಸರಿನ ಬ್ಯಾಕ್ಟೀರಿಯಾ ಎಲ್ಲಕ್ಕೂ ಅದೇ ಬೇಕು. ಹಾಗಾಗಿ ಹೊತ್ತು ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆ. ಇಂಥ ಕೆರೆಗಳಲ್ಲಿ ಮೀನು ಸಾಯುವುದು ಹೆಚ್ಚಾಗಿ ನಸುಕಿನಲ್ಲೇ.

ಬಿಸಿಲನ್ನೂ ಮರೆಯಬೇಡಿ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಗಾಳಿಯಿಂದ ಹಿಡಿದುಕೊಳ್ಳುವುದು ಸುಮಾರು 9.1 ಮಿಲಿಗ್ರಾಂ, 30 ಡಿಗ್ರಿಗೆ 7.6. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ 30 ಡಿಗ್ರಿಯ ಅಂಕಿ 7ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಬಿಸಿ ಮಧ್ಯಾಹ್ನದ ಆ 8 ಒಳ್ಳೆಯ ಸುದ್ದಿಯೇ ಅಲ್ಲ, ಪಾಚಿ ಜಾಸ್ತಿಯಾಗಿರುವ ಗುರುತು!

ಡಿ.ಓ.ವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನ 1888ರದ್ದು. ಪರೀಕ್ಷೆಗೆ ಇಷ್ಟು ನೆನಪಿಡಿ: ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಎರಡನ್ನೂ ಕೆರೆ ದಂಡೆಯಲ್ಲೇ ಹಾಕಿ, ಆಮ್ಲಜನಕವನ್ನು ಅಲ್ಲೇ ಹಿಡಿದಿಡಬೇಕು. ಆಲಮಟ್ಟಿಯಿಂದ ಬಸ್ಸಿನಲ್ಲಿ ಬಾಟಲಿ ತಂದು ಲ್ಯಾಬಿನಲ್ಲಿ ಹಾಕಿದರೆ ಏನು ಅಳೆದಂತಾಯಿತು? ದಾರಿಯುದ್ದಕ್ಕೂ ಒಳಗಿನ ಜೀವಿಗಳು ಉಸಿರಾಡುತ್ತಲೇ ಇರುತ್ತವೆ, ಅಲ್ವಾ?

ಅದೇ ಉಸಿರಾಟವನ್ನು ಬೇಕೆಂದೇ ಅಳೆಯುವುದು ಬೆಳಕು-ಕತ್ತಲೆ ಬಾಟಲಿ ವಿಧಾನ: ಕೆರೆ ನೀರು ತುಂಬಿದ ಒಂದು ಬಾಟಲಿಗೆ ಬೆಳಕು ಬೀಳುತ್ತದೆ, ಇನ್ನೊಂದಕ್ಕೆ ಬೀಳದಂತೆ ಮುಚ್ಚಿ, ಕೆಲ ಹೊತ್ತಿನ ಮೇಲೆ ಎರಡರ ಆಮ್ಲಜನಕವನ್ನೂ ಅಳೆಯುವುದು. ವಿಜ್ಞಾನಿಗಳಾದ ಗಾರ್ಡರ್ ಮತ್ತು ಗ್ರಾನ್ 1927ರಲ್ಲಿ ಬಳಸಿದ್ದು. ಸುಮ್ನೆ ಒಂದು ಲೆಕ್ಕ ಹಿಡಿಯಿರಿ. ಮೊದಲಿಗೆ ಲೀಟರಿಗೆ 6.0 ಮಿಲಿಗ್ರಾಂ, ಬೆಳಕಿನ ಬಾಟಲಿಯಲ್ಲಿ 8.5, ಕತ್ತಲೆಯದರಲ್ಲಿ 4.5. ಉಸಿರಾಟಕ್ಕೆ ಹೋದದ್ದು 1.5, ಉಸಿರಾಟ ಕಳೆದು ಉಳಿದ ನಿವ್ವಳ ಉತ್ಪಾದನೆ 2.5, ಎರಡೂ ಸೇರಿ ಒಟ್ಟು ಉತ್ಪಾದನೆ 4.0. ಆಮ್ಲಜನಕದ ಈ ಅಂಕಿಯನ್ನು ಇಂಗಾಲಕ್ಕೆ ಬದಲಿಸಲು 0.375ರಿಂದ ಗುಣಿಸಿ (12 ಭಾಗಿಸು 32).

ಬಾಟಲಿಯೊಳಗೆ ಗಾಳಿಯೂ ಇಲ್ಲ, ತಳದ ಕೆಸರೂ ಇಲ್ಲ. ಅಮೆರಿಕದ ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ 1956ರ ತಮ್ಮ ಪ್ರಬಂಧದಲ್ಲಿ ಬಾಟಲಿ ಬಿಟ್ಟು, ಹರಿಯುವ ನೀರಲ್ಲೇ ಹಗಲು-ರಾತ್ರಿಯ ಏರಿಳಿತದಿಂದ ಉತ್ಪಾದನೆ ಲೆಕ್ಕ ಹಾಕುವ ದಾರಿ ತೋರಿಸಿದರು. ನನಗೆ ಇದೇ ಹೆಚ್ಚು ಹಿಡಿಸಿತು. ಆದರೆ ಗಾಳಿಯಿಂದ ನೀರಿಗೆ, ನೀರಿನಿಂದ ಗಾಳಿಗೆ ಹೋಗಿಬರುವ ಆಮ್ಲಜನಕವನ್ನು ಲೆಕ್ಕದಲ್ಲಿ ಸರಿಪಡಿಸಲೇಬೇಕು. ಅದಕ್ಕೇ ಫೀಲ್ಡ್ ಪುಸ್ತಕದಲ್ಲಿ ಹೊತ್ತು, ಉಷ್ಣತೆ ಮಾತ್ರವಲ್ಲ, ಗಾಳಿ ಜೋರಿತ್ತಾ ಅನ್ನುವುದನ್ನೂ ಬರೆದಿಡಿ.