ಮೊದಲು ಮೈಕ್ ಸರಿಸಿ, ಆಮೇಲೆ ಸ್ಲೈಡರ್ ಮುಟ್ಟಿ

ನಮ್ಮ ಚಿಕ್ಕಮ್ಮ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಸಂಗೀತ ಪಾಠ ಹೇಳುತ್ತಾರೆ. ಕಳೆದ ತಿಂಗಳು ಫೋನ್ ಮಾಡಿ, "ಮಾತಾಡಿದ್ರೆ ಮಕ್ಕಳಿಗೆ ಕೇಳಿಸೋದೇ ಇಲ್ವಂತೆ, ಹಾಡಿದ್ರೆ ಗರಗರ ಅಂತ ಒಡೆದು ಹೋಗುತ್ತಂತೆ ಕಣೋ. ಹೊಸ ಹೆಡ್‌ಸೆಟ್ ತಗೊಳ್ಳಲಾ?" ಅಂದರು. ಹೋಗಿ ನೋಡಿದೆ. ಮೈಕ್ ಕಡ್ಡಿ ಹಣೆಯ ಕಡೆಗೆ ಎತ್ತಿಟ್ಟಿತ್ತು. ಕಂಪ್ಯೂಟರ್‌ನಲ್ಲಿ ಮೈಕ್ ವಾಲ್ಯೂಮ್ 100ಕ್ಕೆ ಹೋಗಿತ್ತು, ಮೈಕ್ ಸದ್ದನ್ನು ಇನ್ನಷ್ಟು ಹೆಚ್ಚಿಸುವ ಬೂಸ್ಟ್ ಅನ್ನೋದು 30 ಡೆಸಿಬೆಲ್‌ಗೆ (ಡೆಸಿಬೆಲ್ ಅಂದರೆ ಸದ್ದಿನ ಅಳತೆ) ಏರಿತ್ತು. ಹೆಡ್‌ಸೆಟ್ ಚೆನ್ನಾಗಿಯೇ ಇತ್ತು.

"ಮೈಕ್ ಸೆನ್ಸಿಟಿವಿಟಿ ಜಾಸ್ತಿ ಮಾಡು" ಅಂತ ನಾವೆಲ್ಲ ಹೇಳುತ್ತೇವೆ ಅಲ್ವಾ? ನಿಜ ಹೇಳಬೇಕೆಂದರೆ ಮೈಕ್ ವಾಲ್ಯೂಮ್‌ನ ಆ ಸ್ಲೈಡರ್ ಎಳೆದರೆ ಸೆನ್ಸಿಟಿವಿಟಿ ಒಂದಿಷ್ಟೂ ಬದಲಾಗುವುದಿಲ್ಲ. ಎಷ್ಟು ದನಿಗೆ ಎಷ್ಟು ವೋಲ್ಟೇಜ್ ಕೊಡುತ್ತದೆ ಅನ್ನುವುದೇ ಸೆನ್ಸಿಟಿವಿಟಿ, ಅದು ಮೈಕ್ ತಯಾರಾಗುವಾಗಲೇ ಅದಕ್ಕೆ ಬಂದ ಗುಣ. ಹೆಡ್‌ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಲೆಕ್ಟ್ರೆಟ್ ಅನ್ನುವ ಬಗೆಯ ಮೈಕ್. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಅನ್ನುವ ಇಬ್ಬರು ಇದನ್ನು ರೂಪಿಸಿದರು. ಪುಟ್ಟದೊಂದು ಲೋಹದ ಡಬ್ಬಿ, ಒಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಆ ಹಾಳೆಯಲ್ಲೋ ಅದರ ಹಿಂದಿನ ತಟ್ಟೆಯಲ್ಲೋ ವರ್ಷಗಟ್ಟಲೆ ಹಾಗೇ ಉಳಿಯುವ ವಿದ್ಯುತ್ ಚಾರ್ಜ್. ದನಿ ಬಡಿದರೆ ಹಾಳೆ ನಡುಗುತ್ತದೆ, ಅದರ ಜೊತೆಗೆ ವೋಲ್ಟೇಜ್ ಏರಿಳಿಯುತ್ತದೆ. ಬಾಯಿಯ ಪಕ್ಕದಲ್ಲೇ ಇಟ್ಟರೂ ಹೊರಗೆ ಬರುವುದು ಕೆಲವೇ ಮಿಲಿವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್‌ನಲ್ಲಿ 1,500 ಮಿಲಿವೋಲ್ಟ್ ಇರುತ್ತದೆ, ಅದಕ್ಕೆ ಹೋಲಿಸಿ ನೋಡಿ.

ಇಷ್ಟು ಸಣ್ಣದನ್ನು ದೊಡ್ಡದು ಮಾಡಲೇಬೇಕು. ಸ್ಲೈಡರ್ ಮತ್ತು ಬೂಸ್ಟ್ ಮಾಡುವ ಕೆಲಸ ಅಷ್ಟೇ. 20 ಡೆಸಿಬೆಲ್ ಬೂಸ್ಟ್ ಅಂದರೆ ವೋಲ್ಟೇಜ್ 10 ಪಟ್ಟು ದೊಡ್ಡದಾಗುತ್ತದೆ, 30 ಅಂದರೆ ಸುಮಾರು 32 ಪಟ್ಟು. ತೊಂದರೆ ಏನೆಂದರೆ, ಚಿಕ್ಕಮ್ಮನ ದನಿ ಯಾವುದು, ತಲೆ ಮೇಲಿನ ಫ್ಯಾನ್ ಯಾವುದು, ಅಡುಗೆಮನೆಯ ಕುಕ್ಕರ್ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಎಲ್ಲವೂ ಒಟ್ಟಿಗೆ 32 ಪಟ್ಟು. ಮೈಕ್‌ನದೇ ಸಣ್ಣ ಸುಯ್ ಸದ್ದೂ ಅಷ್ಟೇ ಪಟ್ಟು.

ದನಿಯನ್ನು ಮಾತ್ರ ದೊಡ್ಡದು ಮಾಡುವ ದಾರಿ ಒಂದಿದೆ. ದೂರ ಕಡಿಮೆ ಮಾಡುವುದು. ಬಾಯಿಗೂ ಮೈಕ್‌ಗೂ ಇರುವ ಅಂತರ ಅರ್ಧ ಆದಾಗಲೆಲ್ಲ ದನಿಯ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಅಂದರೆ 6 ಡೆಸಿಬೆಲ್ ಏರುತ್ತದೆ. ಲ್ಯಾಪ್‌ಟಾಪ್ ಮೈಕ್ 48 ಸೆಂಟಿಮೀಟರ್ ದೂರದಲ್ಲಿದೆ, ಹೆಡ್‌ಸೆಟ್ ಮೈಕ್ 3 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. 48, 24, 12, 6, 3. ನಾಲ್ಕು ಸಲ ಅರ್ಧ ಆಯಿತು, 24 ಡೆಸಿಬೆಲ್ ಸಿಕ್ಕಿತು. ಫ್ಯಾನ್ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ, ಅದರ ಸದ್ದು ಹೆಚ್ಚಾಗಲೇ ಇಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಈ ಲಾಭ ನನಗೆ ಇವತ್ತಿಗೂ ಅಚ್ಚರಿ.

ಹಾಗಂತ ಬಾಯಿಯ ಎದುರಿಗೇ ಇಡಬೇಡಿ. ಅಂಗೈಯನ್ನು ತುಟಿಯ ಮುಂದೆ ಹಿಡಿದು "ಪಪ್ಪಾಯಿ" ಅನ್ನಿ, ಆಮೇಲೆ "ಖಾರ", "ಫಲ" ಅಂತ ಒತ್ತಿ ಹೇಳಿ. ಕೈಗೆ ಗಾಳಿ ಬಡಿಯುತ್ತದೆ. ಮಹಾಪ್ರಾಣ ಅಂತ ಶಾಲೆಯಲ್ಲಿ ಕಲಿತದ್ದು ಈ ಗಾಳಿಯನ್ನೇ. ಅದು ನೇರವಾಗಿ ಹಾಳೆಗೆ ಬಡಿದರೆ ಆ ಕಡೆಯವರಿಗೆ ದಬ್ ದಬ್ ಅಂತ ಕೇಳುತ್ತದೆ. ತುಟಿಯ ಮೂಲೆಯಲ್ಲಿ, ಕೆನ್ನೆಯಿಂದ ಒಂದೆರಡು ಬೆರಳು ಆಚೆ ಇಟ್ಟರೆ ದನಿ ಸಿಗುತ್ತದೆ, ಗಾಳಿ ಪಕ್ಕದಲ್ಲೇ ಹೋಗಿಬಿಡುತ್ತದೆ.

ಇನ್ನೊಂದು ವಿಷಯ, ಇದು ತುಂಬ ಜನರಿಗೆ ಗೊತ್ತಿರುವುದಿಲ್ಲ. ಸದ್ದು ಕಡಿಮೆ ಮಾಡುತ್ತದೆ ಅಂತ ಮಾರುವ ಎಷ್ಟೋ ಮೈಕ್‌ಗಳಿಗೆ ಮುಂದೊಂದು ಹಿಂದೊಂದು ತೂತು ಇರುತ್ತದೆ. ದೂರದ ಸದ್ದು ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಬಲದಲ್ಲಿ ನುಗ್ಗುತ್ತದೆ, ಹಾಳೆಯನ್ನು ಎರಡು ಕಡೆಯಿಂದಲೂ ತಳ್ಳುವುದರಿಂದ ಬಹುಪಾಲು ಅಲ್ಲಿಗಲ್ಲಿಗೆ ವಜಾ ಆಗುತ್ತದೆ. ಹತ್ತಿರದ ಬಾಯಿಯ ದನಿ ಮುಂದಿನ ತೂತಿಗೇ ಜೋರಾಗಿ ಬೀಳುವುದರಿಂದ ಉಳಿದುಕೊಳ್ಳುತ್ತದೆ. ಚಿಕ್ಕಮ್ಮನ ಮೈಕ್ ಅಂಥದ್ದೇ. ಹಣೆಯ ಹತ್ತಿರ ಇಟ್ಟಾಗ ಅದರ ಪಾಲಿಗೆ ಅವರ ಮಾತೂ ದೂರದ ಸದ್ದೇ ಆಗಿತ್ತು!

ಮೈಕ್ ಜಾಗಕ್ಕೆ ಬಂದ ಮೇಲೆ ಬೂಸ್ಟ್ ಸೊನ್ನೆ ಮಾಡಿದೆವು. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋದರೆ ಇನ್‌ಪುಟ್ ಸ್ಲೈಡರ್ ಸಿಗುತ್ತದೆ. ಬೂಸ್ಟ್ ಇರುವುದು ಹಳೆಯ ರೆಕಾರ್ಡಿಂಗ್ ಕಿಟಕಿಯಲ್ಲಿ, ಮೈಕ್‌ನ ಪ್ರಾಪರ್ಟೀಸ್ ತೆರೆದು ಲೆವೆಲ್ಸ್ ಅನ್ನುವ ಕಡೆ. ಎಲ್ಲ ಹೆಡ್‌ಸೆಟ್‌ಗೂ ಅದು ಕಾಣಿಸುವುದಿಲ್ಲ, ಇಲ್ಲದಿದ್ದರೆ ಚಿಂತೆ ಬೇಡ. ಆಮೇಲೆ ಚಿಕ್ಕಮ್ಮನಿಗೆ, "ತಾರ ಸ್ಥಾಯಿಯಲ್ಲಿ ನಿಮಗೆ ಎಷ್ಟು ಜೋರಾಗಿ ಹಾಡೋಕೆ ಆಗುತ್ತೋ ಅಷ್ಟು ಹಾಡಿ" ಅಂದೆ. ಮೆಲ್ಲಗೆ ಮಾತಾಡಿ ಸ್ಲೈಡರ್ ಹೊಂದಿಸಿದರೆ ಪಾಠದ ನಡುವೆ ಕೆಟ್ಟೇ ಕೆಡುತ್ತದೆ.

ಯಾಕೆಂದರೆ ಕಂಪ್ಯೂಟರ್ ದನಿಯನ್ನು ಅಂಕಿಗಳಲ್ಲಿ ಅಳೆಯುತ್ತದೆ. 16 ಬಿಟ್ ಅನ್ನುವ ಅಳತೆಯಲ್ಲಿ ಒಟ್ಟು 65,536 ಮೆಟ್ಟಿಲು. ಅಲೆ ಮೇಲೂ ಕೆಳಗೂ ಹೋಗುವುದರಿಂದ ಅರ್ಧ ಸೊನ್ನೆಯ ಕೆಳಗಿರುತ್ತವೆ, ಹಾಗಾಗಿ ಮೇಲಿನ ಕೊನೆ 32,767. ಸೇರು ತುಂಬಿದ ಮೇಲೆ ಅಕ್ಕಿ ಎಷ್ಟು ಸುರಿದರೂ ಲೆಕ್ಕ ಒಂದೇ ಸೇರು ಅಲ್ವಾ, ಹಾಗೇ ಅದಕ್ಕಿಂತ ಜೋರಾದ ದನಿಯೆಲ್ಲ 32,767 ಅಂತಲೇ ದಾಖಲಾಗುತ್ತದೆ. ಅಲೆಯ ತಲೆ ಚಪ್ಪಟೆ ಆಗುತ್ತದೆ. ಗರಗರ ಅಂತ ಮಕ್ಕಳಿಗೆ ಕೇಳಿದ್ದು ಅದೇ. ಹಾಗೆ ಕತ್ತರಿಸಿದ್ದನ್ನು ಆಮೇಲೆ ವಾಲ್ಯೂಮ್ ಇಳಿಸಿ ವಾಪಸ್ ತರಲು ಆಗುವುದಿಲ್ಲ. ಅದಕ್ಕೇ ಅತಿ ಜೋರಾದ ದನಿಯೂ ಮೇಲಿನ ಕೊನೆಗಿಂತ 12 ಡೆಸಿಬೆಲ್ ಕೆಳಗೆ, ಅಂದರೆ ಪೂರ್ತಿ ಎತ್ತರದ ಕಾಲು ಭಾಗದ ಹತ್ತಿರ ನಿಂತರೆ ನೆಮ್ಮದಿ. ನಮಗೆ ಅದು ಸ್ಲೈಡರ್ 60ರ ಆಸುಪಾಸಿನಲ್ಲಿ ಸಿಕ್ಕಿತು, ನಿಮ್ಮ ಹೆಡ್‌ಸೆಟ್‌ಗೆ ಬೇರೆ ಇರಬಹುದು.

ಕೊನೆಗೆ ಉಳಿದದ್ದು ಶ್ರುತಿ ಪೆಟ್ಟಿಗೆ. ಅದು ಮಕ್ಕಳಿಗೆ ಕೇಳಿಸುತ್ತಲೇ ಇರಲಿಲ್ಲ. ಮೀಟಿಂಗ್ ಆ್ಯಪ್‌ಗಳು ಏರಿಳಿತ ಇಲ್ಲದ, ಒಂದೇ ಸಮನೆ ಬರುವ ಸದ್ದನ್ನು ಫ್ಯಾನ್ ಅಂತ ತಿಳಿದು ಅಳಿಸಿಬಿಡುತ್ತವೆ. ತಂಬೂರಿಗೂ ಅದೇ ಗತಿ. ಜೊತೆಗೆ ಅವು ಮೈಕ್ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತವೆ, ಮೆಲ್ಲಗೆ ಹಾಡಿದ್ದೂ ಜೋರಾಗಿ ಹಾಡಿದ್ದೂ ಒಂದೇ ಥರ ಆಗಿಬಿಡುತ್ತದೆ. ಮಾತಿಗೆ ಇವೆರಡೂ ಒಳ್ಳೆಯವೇ. ಸಂಗೀತ ಪಾಠಕ್ಕೆ ಎರಡನ್ನೂ ಆಫ್ ಮಾಡಿದೆವು, ಶ್ರುತಿ ಕೇಳಿಸಿತು. ಹೆಡ್‌ಸೆಟ್‌ನ ಯುಎಸ್‌ಬಿ ವೈರ್ ಚುಚ್ಚುವ ತೂತಿನ ಪಕ್ಕ ಒಂದು ಕೆಂಪು ಚುಕ್ಕೆ ಇಟ್ಟು ಬಂದೆ. ತೂತು ಬದಲಾಯಿಸಿದರೆ ಕೆಲವು ಸಲ ವಿಂಡೋಸ್ ಅದನ್ನು ಹೊಸ ಮೈಕ್ ಅಂದುಕೊಂಡು ಹೊಂದಿಸಿದ ಮಟ್ಟವನ್ನು ಮರೆತುಬಿಡುತ್ತದೆ.